ನಲವತ್ತಮೂರು ಸಲ ನನ್ನನ್ನು ಅಳಿಸಿದವನು

ಆ ಆರು ಚಿತ್ರಗಳನ್ನು ನೋಡಿ ನನಗೆ ಅಳು ಬಂದಿದ್ದರೆ ಕಣ್ಣೊರೆಸಿಕೊಂಡು ಮನೆಗೆ ಹೋಗಿಬಿಡುತ್ತಿದ್ದೆ. ಬಂದದ್ದು ಸಿಟ್ಟು. ಅದರಿಂದಲೇ ಇಷ್ಟೆಲ್ಲ ಆಯಿತು.

ಕಟ್ಟಡ ಸಮಿತಿಯ ಆಫೀಸಿನ ಉದ್ದ ಗೋಡೆಗೆ ಅವನ್ನು ಸಾಲಾಗಿ ನೇತುಹಾಕಿದ್ದರು. ಹಳೆಯ ಅಂಚೆ ಕಚೇರಿಯ ಕಪ್ಪು-ಬಿಳುಪು ಚಿತ್ರಗಳು. ಹದಿನೇಳು ತಿಂಗಳಿಂದ ನಾನೂ ಅಪ್ಪನೂ ಸುಣ್ಣದ ಗಾರೆ ಅರೆದು, ಬಳಿದು, ತೇಪೆ ಹಾಕಿ, ಉಜ್ಜಿ, ಕೂಸಿಗೆ ಮೈ ತೊಳೆಸಿದ ಹಾಗೆ ತೊಳೆಸಿ ಎಬ್ಬಿಸಿ ನಿಲ್ಲಿಸಿದ ಕಟ್ಟಡ ಅದು. ಹಿಂಗೋಡೆಯೊಂದು ಮುಗಿದರೆ ಅಲ್ಲಿ ಲೈಬ್ರರಿ ಶುರುವಾಗಬೇಕಿತ್ತು.

ಚಿತ್ರದಲ್ಲಿ ಅದು ಇನ್ನೇನು ಜೀವ ಬಿಡುವ ಹಾಗಿತ್ತು. ಮುಂಗೋಡೆಯ ತುಂಬ ಕರಿ ಕಲೆಗಳು, ಒಳಗಿಂದ ನೀರು ಜಿನುಗಿ ಕೊಳೆತ ಹಾಗೆ. ಕಮಾನಿನ ಕಿಟಕಿಗಳೆಲ್ಲ ಕತ್ತಲ ಗುಳಿಗಳು. ತಲೆಯ ಮೇಲೆ ಬಿರುಗಾಳಿಗೆ ಮುಂಚಿನ ದಟ್ಟ ಮೋಡ. ಎಲ್ಲೂ ಒಂದು ನರಪಿಳ್ಳೆ ಇಲ್ಲ.

ಪಕ್ಕದಲ್ಲಿ ನೋಟೀಸು ಅಂಟಿಸಿದ್ದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಚಿತ್ರಗಳಲ್ಲಿ ಕಂಡಂತೆ ದುರಸ್ತಿಯ ನಂತರವೂ ಗೋಡೆಗಳು ಶಿಥಿಲವಾಗಿರುವುದರಿಂದ, ಕಟ್ಟಡವನ್ನು ಕೆಡವಿ ವಾಹನ ನಿಲುಗಡೆ ಮಾಡುವ ಬಗ್ಗೆ ತೀರ್ಮಾನ.

ಅಂದು ಮಂಗಳವಾರ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಬೀದಿ ಆಚೆ ಕಟ್ಟಡ ನಿಂತಿದೆ, ಎದ್ದು ಹೋಗಿ ನೋಡುವುದು ಬಿಟ್ಟು ಚಿತ್ರ ನೋಡಿ ಕೆಡವುತ್ತಾರಂತೆ!

“ಯಾವನ್ರೀ ಇದನ್ನ ಮಾಡಿದ್ದು?” ಎಂದು ಕೂಗಿದೆ. ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು.

ನನ್ನ ಬೆನ್ನ ಹಿಂದಿನಿಂದ ಒಂದು ಮೆಲುದನಿ ಬಂತು. “ನೀವು... ಎಡಗೈಯಲ್ಲಿ ಕೆಲಸ ಮಾಡೋರು ಅಲ್ವಾ?”

ತಿರುಗಿದೆ. ಉದ್ದಕ್ಕೆ ಬೆಳೆದ, ಕನ್ನಡಕದ ಮನುಷ್ಯ. ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ನನ್ನ ಮುಖವನ್ನು ಅವನು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ವರ್ಷಗಟ್ಟಲೆ ಫೋನಿನಲ್ಲಿ ಮಾತಾಡಿದವರನ್ನು ಮೊದಲ ಸಲ ಎದುರಿಗೆ ಕಂಡ ಹಾಗೆ.

“ನಿಮಗೆ ಹೇಗೆ ಗೊತ್ತು?”

“ತಲೆಗೆ ನೀಲಿ ಬಟ್ಟೆ, ಗಂಟು ಬಲಗಡೆಗೆ. ಅಂಗಿಯ ಎಡಭುಜದ ಮೇಲೆ ಚೌಕದ ತೇಪೆ. ನೀವೇ. ನಾನು ನಿಮ್ಮನ್ನ ನಲವತ್ತಮೂರು ಸಲ ನೋಡಿದೀನಿ.”

“ನಾನು ನಿಮ್ಮನ್ನ ಒಂದು ಸಲನೂ ನೋಡಿಲ್ಲ. ಕದ್ದು ನೋಡ್ತಿದ್ರಾ? ಪೊಲೀಸರನ್ನ ಕರೀಲಾ?”

“ಅಯ್ಯೋ ಇಲ್ಲ ಇಲ್ಲ! ಕಂಪ್ಯೂಟರ್‌ನಲ್ಲಿ ನೋಡಿದ್ದು.”

“ಅದು ಇನ್ನೂ ಕೆಟ್ಟದ್ದು!”

ಅವನ ಕಿವಿ ಕೆಂಪಾದವು. ಆಮೇಲೆ ತಡವರಿಸುತ್ತ ಹೇಳಿದ. ಫೋಟೋ ತೆಗೆಯುವವರು ಅವನ ಸ್ಟುಡಿಯೋದ ಯಜಮಾನರು. ಅವರು ತಂದ ಬಣ್ಣದ ಚಿತ್ರಗಳನ್ನು ಕಪ್ಪು-ಬಿಳುಪು ಮಾಡಿ, ತಿದ್ದಿ, ಅವಕ್ಕೆ ‘ಮೂಡ್’ ಕೊಡುವುದು ಇವನ ಕೆಲಸ.

ಯಜಮಾನರು ಯಾರೆಂದು ನನಗೆ ಕೂಡಲೇ ಹೊಳೆಯಿತು. ಆರು ತಿಂಗಳು, ವಾರಕ್ಕೊಮ್ಮೆ, ಸೂರ್ಯ ಹುಟ್ಟುವ ಹೊತ್ತಿಗೆ ಒಬ್ಬ ದಪ್ಪ ಮೀಸೆಯವರು ಕ್ಯಾಮೆರಾ ಹೊತ್ತು ಬರುತ್ತಿದ್ದರು. ಕೆಳಗೆ ನಿಂತು, “ಎರಡೇ ನಿಮಿಷ ಇಳೀಮ್ಮ” ಎನ್ನುತ್ತಿದ್ದರು. ನಾನು ಗೋಡೆಗೆ ಕಟ್ಟಿದ ಸಾರುವೆಯ ಹಲಗೆ ಮೇಲಿಂದ ತಿರುಗಿಯೂ ನೋಡದೆ, “ಇಳಿಯಲ್ಲ, ಗಾರೆ ಗಟ್ಟಿಯಾಗುತ್ತೆ” ಎನ್ನುತ್ತಿದ್ದೆ. ಅದು ಹಟವಲ್ಲ. ಕೊನೆಯ ಪದರ ಬಳಿಯುವಾಗ ನಡುವೆ ಕೈ ನಿಲ್ಲಿಸಿದರೆ, ಒಣಗಿದ ಅಂಚಿಗೆ ಹಸಿ ಗಾರೆ ಸೇರುವ ಕಡೆ ಒಂದು ಗೆರೆ ಬೀಳುತ್ತದೆ. ಎಷ್ಟು ಉಜ್ಜಿದರೂ ಆ ಗೆರೆ ಹೋಗುವುದಿಲ್ಲ. ನನ್ನ ಗೋಡೆಗಳಲ್ಲಿ ಅಂಥ ಗೆರೆ ಇರಲಿಲ್ಲ.

“ಹಾಗಾದ್ರೆ ನಾನೆಲ್ಲಿ?” ಎಂದು ಕೇಳಿದೆ. “ಈ ಚಿತ್ರ ತೆಗೆದಾಗ ನಾನು ಮೇಲಿದ್ದೆ. ಸಾರುವೆ ಎಲ್ಲಿ? ನಾನೆಲ್ಲಿ?”

ಅವನು ಸುರುಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ.

“ತೆಗೆದೆ.”

“ಏನು?”

“ನಿಮ್ಮನ್ನ. ಚಿತ್ರದಿಂದ. ಜನ ಇದ್ರೆ ಕಟ್ಟಡ ಒಂಟಿ ಅನ್ನಿಸಲ್ಲ. ಮೂಡ್ ಬರಲ್ಲ.”

“ಹದಿನೇಳು ತಿಂಗಳಿಂದ ಅದನ್ನ ಒಂಟಿಯಾಗಿ ಬಿಡದೆ ನೋಡ್ಕೊಂಡವಳು ನಾನು! ನನ್ನನ್ನ ತೆಗೆದು ಅದನ್ನ ಒಂಟಿ ಮಾಡೋಕೆ ನೀವ್ಯಾರು? ಮತ್ತೆ ಆ ಮೋಡ ಎಲ್ಲಿಂದ ಬಂತು? ಆವತ್ತು ಆಕಾಶದಲ್ಲಿ ಹತ್ತಿಯಷ್ಟು ಮೋಡ ಇರಲಿಲ್ಲ.”

“ಅದು ಬೇರೆ ದಿನದ್ದು.”

“ಬೇರೆ ದಿನದ ಮೋಡ ತಂದು ನನ್ನ ಗೋಡೆ ಮೇಲೆ ಹೇರಿದ್ರಾ! ಈ ಕೊಳಕು ಕಲೆಗಳು ಯಾವ ದಿನದ್ದು?”

ಆಗ ಮಾತ್ರ ಅವನ ದನಿ ಸ್ವಲ್ಪ ಗಟ್ಟಿಯಾಯಿತು. “ಕಲೆಗಳನ್ನ ನಾನು ತಂದಿಲ್ಲ. ಅವು ಗೋಡೆಯಲ್ಲೇ ಇದ್ದವು. ಸ್ವಲ್ಪ ಎತ್ತಿ ತೋರಿಸಿದೆ, ಅಷ್ಟೇ.”

“ಇರಲಿಲ್ಲ!”

“ಇದ್ದವು.”

“ನಡೀರಿ,” ಎಂದೆ. “ತೋರಿಸಿ.”

ಅವನ ಸ್ಟುಡಿಯೋ ಮೊದಲನೇ ಮಹಡಿಯ ಒಂದು ಕೋಣೆ. ಕಿಟಕಿಗೆ ಕಪ್ಪು ಪರದೆ. ಹಾಡಹಗಲಲ್ಲಿ ಕತ್ತಲು ಮಾಡಿಕೊಂಡು ಕೂರುವ ಜನರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಜಿನ ಮೇಲೆ ಎರಡು ದೊಡ್ಡ ಸ್ಕ್ರೀನು, ಆರಿ ತಣ್ಣಗಾದ ಚಹಾದ ಲೋಟ. ಕೂರಲು ನನಗೆ ತನ್ನ ಕುರ್ಚಿಯನ್ನೇ ಕೊಟ್ಟು ತಾನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತ. ಪೆಟ್ಟಿಗೆ ಒಂದು ಕಡೆ ಕುಸಿಯಿತು. ನಗು ಬಂದರೂ ನಗಲಿಲ್ಲ, ಸಿಟ್ಟು ಕಷ್ಟಪಟ್ಟು ಕಾಪಾಡಿಕೊಂಡೆ.

“ಇದು ಮೂಲ ಚಿತ್ರ,” ಎಂದು ಒಂದನ್ನು ತೆರೆದ.

ನನ್ನ ಗೋಡೆ. ಬೆಳಗಿನ ಬಿಸಿಲು ಕುಡಿದ ಹಳದಿ ಗೋಡೆ. ಮೇಲೆ ಖಾಲಿ ನೀಲಿ ಆಕಾಶ. ಸಾರುವೆಯ ಎರಡನೇ ಹಲಗೆಯ ಮೇಲೆ, ಬೆನ್ನು ತೋರಿಸಿಕೊಂಡು, ಗಾರೆ ಬಳಿಯುವ ಕರಣೆ ಹಿಡಿದ ಎಡಗೈ ಎತ್ತಿಕೊಂಡು ನಾನು. ದೂರದಿಂದ ನೋಡಿದರೆ ನಾನು ಅಷ್ಟು ಚೆನ್ನಾಗಿ ಕಾಣುತ್ತೇನೆಂದು ನನಗೆ ಗೊತ್ತಿರಲಿಲ್ಲ.

“ಎಲ್ಲಿದೆ ಕಲೆ?” ಎಂದೆ.

“ಈಗ ನೋಡಿ.” ಒಂದು ಗುಂಡಿ ಒತ್ತಿದ. ಬಣ್ಣ ಹೋಯಿತು. ಗೋಡೆ ಬೂದಿ ಬಣ್ಣಕ್ಕೆ ತಿರುಗಿತು, ನಯವಾಗಿ, ಒಂದೇ ಸಮ. “ಇದು ಹಳದಿಯ ಸ್ಲೈಡರ್. ಇದನ್ನ ಎಡಕ್ಕೆ ಎಳೆದ್ರೆ ಚಿತ್ರದಲ್ಲಿರೋ ಹಳದಿ ಎಲ್ಲ ಕಪ್ಪಾಗುತ್ತೆ, ಒಂದು ಚೂರು ಹೆಚ್ಚು ಹಳದಿ ಇದ್ದ ಕಡೆ ಹೆಚ್ಚು ಕಪ್ಪು.”

ಮೆಲ್ಲಗೆ ಎಳೆದ. ಗೋಡೆಯಿಂದ ಒಂದೊಂದೇ ಕಲೆ ಎದ್ದು ಬಂತು. ಕಮಾನಿನ ಪಕ್ಕ ಅಂಗೈಯಗಲದ್ದು. ಬಾಗಿಲ ಮೇಲೆ ಉದ್ದನೆಯದು. ಕಿಟಕಿಯ ಕೆಳಗೆ ಜೋಡಿ. ನಾನು ಮುಂದಕ್ಕೆ ಬಾಗಿದೆ. ಆ ಒಂದೊಂದು ಆಕಾರವೂ ನನಗೆ ಗೊತ್ತಿತ್ತು.

“ಇವು ಕಲೆ ಅಲ್ಲ,” ಎಂದೆ. “ನನ್ನ ತೇಪೆಗಳು.”

ಹಳೆಯ ಗಾರೆ ಉದುರಿದ ಕಡೆಯೆಲ್ಲ ಹೊಸ ಗಾರೆ ತುಂಬಿ, ಹಳದಿ ಮಣ್ಣು ಬೆರೆಸಿ, ಹಳೆಯದರ ಬಣ್ಣಕ್ಕೆ ಹೊಸದನ್ನು ಕೂಡಿಸಿದ್ದೆ. ಬಣ್ಣ ಕೂಡಿಸಲಿಕ್ಕೇ ಮೂರು ವಾರ ಹಿಡಿದಿತ್ತು. ಮನುಷ್ಯರ ಕಣ್ಣಿಗೆ ಎರಡೂ ಒಂದೇ. ಅಪ್ಪನ ಕಣ್ಣಿಗೂ ಒಂದೇ. ಈ ದರಿದ್ರ ಸ್ಲೈಡರಿನ ಕಣ್ಣಿಗೆ ಮಾತ್ರ ಬೇರೆ ಬೇರೆ.

ಅವನು ಮೌಸ್‌ನಿಂದ ಕೈ ತೆಗೆದ. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈಯನ್ನು ಮಡಿಲಿಗೆ ಎಳೆದುಕೊಂಡ.

“ಅಂದ್ರೆ... ರಿಪೇರಿನ ನಾನು ರೋಗ ಅಂತ ತೋರಿಸಿದೀನಿ.”

“ಊರಿಗೆಲ್ಲ ತೋರಿಸಿದೀರಿ!”

“ನನಗೆ ಅದು ವಯಸ್ಸು ಅನ್ನಿಸ್ತು. ಗೋಡೆಗೆ ವಯಸ್ಸಾಗಿದೆ, ಅದು ಚೆಂದ ಅಂತ... ತುಂಬಾ ಇಷ್ಟಪಟ್ಟು ಎತ್ತಿ ತೋರಿಸಿದೆ.”

“ಇಷ್ಟಪಡೋ ಚೆಂದ ನೋಡು! ಎಷ್ಟು ಕಟ್ಟಡ ಹೀಗೆ ಮಾಡಿದೀರಿ?”

“ಮುನ್ನೂರರ ಮೇಲಾಗಿರಬಹುದು.”

“ಎಷ್ಟರ ಒಳಗೆ ಕಾಲಿಟ್ಟಿದೀರಿ?”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಕನ್ನಡಕ ಇಲ್ಲದ ಅವನ ಕಣ್ಣು ಬಹಳ ಸುಸ್ತಾಗಿದ್ದವು, ರೆಪ್ಪೆಗಳು ಗಂಡಸಿಗೆ ಇರಬೇಕಾದ್ದಕ್ಕಿಂತ ಉದ್ದವಾಗಿದ್ದವು.

“ಒಂದಕ್ಕೂ ಇಲ್ಲ,” ಎಂದ.

“ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ಗೋಡೆ ಮುಟ್ಟಿ ನೋಡಿ. ಬರದೇ ಇದ್ರೆ ಇಲ್ಲಿಗೇ ಬಂದು ಈ ಪರದೆ ಹರಿದುಹಾಕ್ತೀನಿ.”

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹಳೆಯ ಕಾಲದ ಗಾರೆ ಮೇಸ್ತ್ರಿ. ಮಂಡಿ ಸೋತ ಮೇಲೆ ಸಾರುವೆ ಹತ್ತುವುದು ಬಿಟ್ಟು, ಕೆಳಗೆ ನಿಂತು ಗಾರೆ ಕಲಸುತ್ತಾನೆ. ಅಂದಿನಿಂದ ನನ್ನನ್ನೇ ‘ಮೇಸ್ತ್ರಿ’ ಎನ್ನುತ್ತಾನೆ, ಅರ್ಧ ತಮಾಷೆಗೆ, ಅರ್ಧ ನಿಜವಾಗಿ. ನೋಟೀಸಿನ ವಿಷಯ ಕೇಳಿ ಅವನು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿದ.

“ಕೆಡವಿಬಿಟ್ರೆ, ಮಗಳೇ, ನಾನು ಮತ್ತೊಂದು ಕಟ್ಟಡ ಮಾಡೋಕಾಗಲ್ಲ. ಇದೇ ಕೊನೇದು.”

“ಕೆಡವೋಕೆ ನಾನು ಬಿಟ್ರೆ ತಾನೆ! ಆ ಮೋಡಪ್ಪನ್ನ ನಾಳೆ ಕರೆಸಿದೀನಿ.”

“ಯಾರದು ಮೋಡಪ್ಪ?”

“ಅವನೇ, ಮೋಡ ಅಂಟಿಸೋನು. ಮುಖ ನೋಡಿದ್ರೆ ಇರುವೆಗೂ ನೋವು ಮಾಡದ ಹಾಗೆ. ಉದ್ದ ಬೇರೆ, ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾನೆ. ಕನ್ನಡಕ ತೆಗೆದ್ರೆ ರೆಪ್ಪೆ ನೋಡ್ಬೇಕು, ಇಷ್ಟುದ್ದ.”

ಅಪ್ಪ ಲೋಟ ಕೆಳಗಿಟ್ಟ. “ರೆಪ್ಪೆ ಎಷ್ಟುದ್ದ ಅಂತ ನಾನು ಕೇಳಿದ್ನಾ?”

“ಬೈಯೋವಾಗ ಎಲ್ಲಾ ಹೇಳ್ಬೇಕಲ್ಲ!” ಎಂದು ಎದ್ದು ಒಳಗೆ ಹೋದೆ. ಹಿಂದಿನಿಂದ ಅಪ್ಪ ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮೋಡಪ್ಪ ಏಳಕ್ಕೆ ಹತ್ತು ನಿಮಿಷ ಮುಂಚೆಯೇ ಬಂದು ನಿಂತಿದ್ದ. ರಸ್ತೆಯ ಆ ಬದಿಯಲ್ಲಿ, ಕೈ ಕಟ್ಟಿಕೊಂಡು, ಕಟ್ಟಡವನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದ. ಮುಂಗೋಡೆಯ ಸಾರುವೆ ಬಿಚ್ಚಿ ಆಗಲೇ ತಿಂಗಳಾಗಿತ್ತು. ಬಿಸಿಲು ಗೋಡೆಯ ಮೇಲೆ ಪೂರ್ತಿ ಬಿದ್ದಿತ್ತು.

“ಇಷ್ಟು ಹಳದಿ ಅಂದ್ಕೊಂಡಿರಲಿಲ್ಲ,” ಎಂದ.

“ಕಪ್ಪು ಪರದೆ ಹಾಕ್ಕೊಂಡು ಕೂತ್ರೆ ಹೇಗೆ ಗೊತ್ತಾಗುತ್ತೆ? ಬನ್ನಿ, ಮುಟ್ಟಿ. ತೇವ ಇದೆಯಾ ಹೇಳಿ.”

ಅಂಗೈ ಊರಿದ. ಬಳಿಕ ಬೆರಳುಗಳನ್ನು ಒಂದೊಂದಾಗಿ ಗೋಡೆಗೆ ತಾಗಿಸಿದ, ಮಲಗಿರುವವರನ್ನು ಎಬ್ಬಿಸದ ಹಾಗೆ. “ಒಣಗಿದೆ. ತಣ್ಣಗಿದೆ. ಬೆಣ್ಣೆ ಥರ ಇದೆ.”

“ಹಾಂ! ಈಗ ಒಂದು ತೇಪೆ ಹುಡುಕಿ. ಕಣ್ಣಲ್ಲಿ ಹುಡುಕಿ, ಕೈಯಲ್ಲಿ ಹುಡುಕಿ. ಒಂದೇ ಒಂದು ಸಿಕ್ರೆ ನಾನು ಸೋತೆ.”

ಅಪ್ಪ ಜರಡಿ ಹಿಡಿದುಕೊಂಡೇ ಬಂದು ನಿಂತ. ಈ ಆಟ ನಾವು ಬಹಳ ಜನರ ಜೊತೆ ಆಡಿದ್ದೇವೆ. ಇಂಜಿನಿಯರುಗಳು ಬಂದು ಮೂಗು ತಾಗಿಸಿ ನೋಡಿ ಕೈ ಚೆಲ್ಲಿ ಹೋಗಿದ್ದಾರೆ.

ಮೋಡಪ್ಪ ಗೋಡೆಯನ್ನು ಹುಡುಕಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿದ. ಆಮೇಲೆ ತೆರೆದು ಬೆರಳು ಚಾಚಿದ.

“ಇಲ್ಲೊಂದು. ಅಂಗೈಯಗಲ. ಬಾಗಿಲ ಮೇಲೆ ಉದ್ದಕ್ಕೆ ಒಂದು, ಎಡತುದಿಯಲ್ಲಿ ಕೊಕ್ಕೆ ಥರ ಬಾಗಿದೆ. ಆ ಕಿಟಕಿ ಕೆಳಗೆ ಎರಡು, ನಡುವೆ ಎರಡು ಬೆರಳು ಜಾಗ. ಇಲ್ಲಿ ಹಲ್ಲಿ ಗಾತ್ರದ್ದು. ಅಲ್ಲಿ ಮೂಲೆಯಲ್ಲಿ ಮೂರು, ಮೂರನೇದನ್ನ ಎರಡು ಸಲ ಮಾಡಿದೀರಿ.”

ಒಂದೂ ತಪ್ಪಿರಲಿಲ್ಲ. ಮೂರನೆಯದನ್ನು ಎರಡು ಸಲ ಮಾಡಿದ್ದು ಅಪ್ಪನಿಗೂ ಗೊತ್ತಿರಲಿಲ್ಲ.

“ಆರು ತಿಂಗಳು ದಿನಾ ನೋಡಿದೀನಲ್ಲ,” ಎಂದ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ. “ಕಣ್ಣು ಮುಚ್ಚಿದ್ರೂ ಕಾಣುತ್ತೆ. ಆದ್ರೆ ಈ ಬಲಗಡೆ ಕಮಾನಿಂದು ನಿಮ್ಮದಲ್ಲ. ನಿಮ್ಮ ತೇಪೆಗಳ ಅಂಚು ಎಡಕ್ಕೆ ಎಳೆದ ಹಾಗಿರುತ್ತೆ. ಇದು ಬಲಕ್ಕೆ. ಬೇರೆ ಯಾರೋ ಮಾಡಿದ್ದು. ಅವರು ಬಹಳ ನಿಧಾನ. ನಿಮಗಿಂತ ಚೆನ್ನಾಗಿ ಮಾಡಿದಾರೆ, ಕ್ಷಮಿಸಿ.”

ಅಪ್ಪ ಜರಡಿಯನ್ನು ನೆಲಕ್ಕಿಟ್ಟ. “ಅದು ನಂದು,” ಎಂದ. “ನಾನು ಕಡೇ ಸಲ ಮೇಲೆ ಹತ್ತಿದ ದಿನದ್ದು.” ಮೂಗೊರೆಸಿಕೊಂಡು ಗಾರೆಯ ತೊಟ್ಟಿಯ ಕಡೆಗೆ ಹೋದ.

ನನಗೆ ಏನಾಯಿತೆಂದು ಹೇಳುತ್ತೇನೆ, ಮುಚ್ಚಿಡುವುದು ಏನಿದೆ. ನಮ್ಮ ಕಸುಬಿನಲ್ಲಿ ಕೆಲಸ ಕಾಣಿಸಬಾರದು. ಕಂಡರೆ ಸೋತ ಹಾಗೆ. ಹೀಗಾಗಿ ಯಾರೂ ಹೊಗಳುವುದಿಲ್ಲ, ಹೊಗಳಲು ಅವರಿಗೆ ಏನೂ ಕಾಣುವುದೂ ಇಲ್ಲ. ಹನ್ನೆರಡು ವರ್ಷದಿಂದ ನಾನು ಕಾಣದ ಕೆಲಸ ಮಾಡುತ್ತ ಬಂದಿದ್ದೇನೆ. ಅದನ್ನು ಚೂರೂ ಬಿಡದೆ ನೋಡಿದವನು, ನೋಡಿ ಇಷ್ಟಪಟ್ಟವನು, ಈ ಭೂಮಿಯ ಮೇಲೆ ಇವನೊಬ್ಬನೇ. ಅದನ್ನೇ ಕೊಳೆ ಎಂದು ಜಗತ್ತಿಗೆ ತೋರಿಸಿದವನೂ ಇವನೇ. ಇಂಥವನನ್ನು ಹೊಡೆಯಬೇಕೋ ಕೂರಿಸಿ ಚಹಾ ಕೊಡಬೇಕೋ ತಿಳಿಯದೆ ನಾನು ಕರಣೆ ಹಿಡಿದುಕೊಂಡು ನಿಂತೆ. ಸಿಟ್ಟು ಇಳಿಯಲಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಬಂದು ಕೂತಿತ್ತು.

“ನಾಳೆ ಸಭೆಗೆ ಬರ್ತೀರಾ?” ಎಂದು ಕೇಳಿದೆ.

“ಬರ್ಬೇಡ ಅಂದಿದಾರೆ ಯಜಮಾನರು. ನಮ್ಮ ಚಿತ್ರ ನಾವೇ ತಪ್ಪು ಅಂದ್ರೆ ಸ್ಟುಡಿಯೋ ಮರ್ಯಾದೆ ಏನಾಗುತ್ತೆ ಅಂತ.”

“ನನ್ನ ಮರ್ಯಾದೆ?”

ಅವನು ನನ್ನನ್ನು ನೋಡಿದ. ಈ ಸಲ ಕನ್ನಡಕ ಒರೆಸಲಿಲ್ಲ. “ಬರ್ತೀನಿ,” ಎಂದ.

ಗುರುವಾರ ಸಭೆಯಲ್ಲಿ ಒಂಬತ್ತು ಜನ ಕೂತಿದ್ದರು. ಅಧ್ಯಕ್ಷೆ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಮೋಡಪ್ಪ ಎರಡು ಪ್ರಿಂಟುಗಳನ್ನು ಅವರ ಮುಂದಿಟ್ಟ. ಒಂದು ಮೂಡಿನದು. ಇನ್ನೊಂದು ಅದೇ ಚಿತ್ರ, ಏನೂ ತಿದ್ದದೆ ಬರೀ ಕಪ್ಪು-ಬಿಳುಪು ಮಾಡಿದ್ದು. ಒಂದೊಂದನ್ನೇ ಹೇಳಿದ: ಕಪ್ಪು ಕಲೆ ತೇವವಲ್ಲ, ದುರಸ್ತಿ. ಕಪ್ಪು ಮಾಡಿದವನು ನಾನು. ಮೋಡ ಅಂಟಿಸಿದವನು ನಾನು. ಕೆಲಸ ಮಾಡುತ್ತಿದ್ದವರನ್ನು ಅಳಿಸಿದವನೂ ನಾನು.

“ಅಂದ್ರೆ ನೀವು ಕೊಟ್ಟದ್ದು ಸುಳ್ಳು ಚಿತ್ರ,” ಎಂದರು ಅಧ್ಯಕ್ಷೆ.

“ಸುಳ್ಳು ಅಂತಲ್ಲ ಮೇಡಂ. ಮೂಡ್.”

“ಮೂಡಂತೆ ಮೂಡು!” ಎಂದು ನಾನು ಎದ್ದು ನಿಂತೆ. ಅಪ್ಪ ನನ್ನ ಅಂಗಿ ಹಿಡಿದು ಕೂರಿಸಿದ.

ಅಧ್ಯಕ್ಷೆ ಎರಡು ಪ್ರಿಂಟುಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು. “ನಾವು ಕಪ್ಪು-ಬಿಳುಪಲ್ಲಿ ಚೆನ್ನಾಗಿ ಮಾಡಿಕೊಡಿ ಅಂದಿದ್ದು ನಿಜ. ಆದ್ರೆ ಮೊನ್ನೆ ಗೋಡೆ ಕೊಳೆತಿದೆ ಅಂತ ಒಂದು ಚಿತ್ರ ಕೊಟ್ರಿ. ಇವತ್ತು ಚೆನ್ನಾಗಿದೆ ಅಂತ ಇನ್ನೊಂದು ತಂದಿದೀರಿ. ಇದನ್ನೂ ನೀವೇ ತಿದ್ದಿಲ್ಲ ಅಂತ ನಾನು ಹೇಗೆ ನಂಬಲಿ?”

ಅವನು ತಿರುಗಿ ನನ್ನ ಕಡೆ ನೋಡಿದ. ಮೂಲೆಯಲ್ಲಿ ಕೂತ ಇಬ್ಬರು ಸದಸ್ಯರು ಮುಖ ಮುಖ ನೋಡಿಕೊಂಡು ನಕ್ಕರು. ಈ ಸಲ ಅಪ್ಪ ಅಂಗಿ ಹಿಡಿಯುವ ಮೊದಲೇ ನಾನು ಎದ್ದಿದ್ದೆ.

“ನಂಬಬೇಡಿ!” ಎಂದೆ. “ಇದನ್ನೂ ನಂಬಬೇಡಿ, ಅದನ್ನೂ ನಂಬಬೇಡಿ. ಎರಡು ಬೀದಿ ಆಚೆ ಗೋಡೆ ನಿಂತಿದೆ ಮೇಡಂ. ನಿಮಗೆ ಕಾಲಿದೆ, ಕಣ್ಣಿದೆ, ಕೈಯಿದೆ. ಹದಿನೇಳು ತಿಂಗಳು ಕೆಲಸ ಆಗಿದೆ, ನಿಮ್ಮಲ್ಲಿ ಎಷ್ಟು ಜನ ಬಂದು ಮುಟ್ಟಿ ನೋಡಿದೀರಿ? ಕಾಗದ ನೋಡಿ ಕಟ್ಟಡ ಕೆಡವ್ತೀರಾ? ಏಳಿ! ಬನ್ನಿ! ಒಂದು ಕಡೆ ತೇವ ಸಿಕ್ಕಲಿ, ಮೊದಲ ಸುತ್ತಿಗೆ ಏಟು ನಾನೇ ಹಾಕ್ತೀನಿ.”

ಅಧ್ಯಕ್ಷೆ ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿ, ಕೈಚೀಲ ತೆಗೆದುಕೊಂಡು ಎದ್ದರು.

ಕಟ್ಟಡದ ಬಳಿ ಅಧ್ಯಕ್ಷೆ ಮುಂಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ನಡೆದರು, ಉಳಿದವರು ಹಿಂದೆ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬಾಗಿಲ ಬಳಿ ನಿಂತು, “ತೇಪೆ ಎಲ್ಲಿದೆ?” ಎಂದು ಕೇಳಿದರು. ಮೋಡಪ್ಪ ತೋರಿಸಿದ. ಅವರು ಕನ್ನಡಕ ಏರಿಸಿ, ಇಳಿಸಿ, ಗೋಡೆಗೆ ಮುಖ ತಾಗುವಷ್ಟು ಬಾಗಿದರು. “ಎಲ್ಲಿ?” ಎಂದರು ಮತ್ತೆ. ಅವನು ಮತ್ತೆ ತೋರಿಸಿದ. “ನನಗೇನೂ ಕಾಣ್ತಿಲ್ಲ,” ಎಂದರು ಅಧ್ಯಕ್ಷೆ, ಸ್ವಲ್ಪ ರೇಗಿದ ದನಿಯಲ್ಲಿ. ನನ್ನ ಬದುಕಿನಲ್ಲಿ ನಾನು ಕೇಳಿದ ಅತಿ ಸಿಹಿ ಮಾತು ಅದು.

ಏಳು ಜನ ಉಳಿಸಿ ಎಂದರು. ಇಬ್ಬರು ಕೆಡವಿ ಎಂದರು, ಆ ಇಬ್ಬರಿಗೂ ಕಾರಿತ್ತು. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಅವನ ಪಕ್ಕ ಕೂತೆ. ತಲೆ ಎತ್ತಿ ನೋಡುವಷ್ಟರಲ್ಲಿ ಮೋಡಪ್ಪ ಹೊರಟುಹೋಗಿದ್ದ.

ಹೋದವನು ಹೋದ. ಒಂದು ದಿನ ಆಯಿತು, ಮೂರು ದಿನ ಆಯಿತು, ವಾರ ಆಯಿತು. ಫೋನಿಲ್ಲ, ಸುದ್ದಿಯಿಲ್ಲ. ನನ್ನ ಸಿಟ್ಟು ಮತ್ತೆ ಚಿಗುರಿತು, ಮೊದಲಿಗಿಂತ ಜೋರಾಗಿ.

“ಎಂಥ ಮನುಷ್ಯ ಅಪ್ಪ! ಒಂದು ಮಾತು ಹೇಳಿ ಹೋಗಬಾರದಾ?”

“ನೀನೇ ಹೋಗಿ ಕೇಳು. ಪರದೆ ಹರೀತೀನಿ ಅಂದಿದ್ದೆಯಲ್ಲ.”

“ನಾನ್ಯಾಕೆ ಹೋಗ್ಲಿ? ನನಗೇನು ಬೇರೆ ಕೆಲಸ ಇಲ್ವಾ?”

“ಇದೆ. ಆದ್ರೆ ಮೂರು ದಿನದಿಂದ ಒಂದೇ ಜಾಗ ಉಜ್ತಾ ಇದೀಯ ಮೇಸ್ತ್ರಿ. ಅಲ್ಲಿ ಗೋಡೆ ತೂತು ಬೀಳುತ್ತೆ.”

ಹನ್ನೊಂದನೆಯ ದಿನ ನಾನು ಹಿಂಗೋಡೆಯ ಕೊನೆಯ ಪದರ ಬಳಿಯುತ್ತಿದ್ದೆ. ಅರ್ಧ ಗೋಡೆ ಆಗಿತ್ತು. ಕೆಳಗಿನಿಂದ ಆ ಮೆಲುದನಿ ಬಂತು.

“ಎರಡು ನಿಮಿಷ ಇಳೀತೀರಾ?”

ಕರಣೆ ಕೈಯಲ್ಲಿ ಜಾರಿತು, ಹಿಡಿದುಕೊಂಡೆ. ತಿರುಗಲಿಲ್ಲ. “ಇಳಿಯಲ್ಲ. ಗಾರೆ ಗಟ್ಟಿಯಾಗುತ್ತೆ. ಹನ್ನೊಂದು ದಿನ ಎಲ್ಲಿ ಸತ್ತಿದ್ರಿ?”

“ನಿಮ್ಮನ್ನ ವಾಪಸ್ ಇಡ್ತಿದ್ದೆ.”

“ಎಲ್ಲಿಗೆ?”

“ಚಿತ್ರಗಳಿಗೆ. ನಲವತ್ತಮೂರಕ್ಕೂ. ಮೋಡ ತೆಗೆದೆ, ಗೋಡೆ ತಿಳಿ ಮಾಡಿದೆ, ಸಾರುವೆ ನಿಲ್ಲಿಸಿದೆ. ಲೈಬ್ರರಿಗೆ ಇವನ್ನೇ ಹಾಕ್ತಾರಂತೆ, ಅಧ್ಯಕ್ಷೆ ಒಪ್ಪಿದಾರೆ. ಯಜಮಾನರು ಹೊಟ್ಟೆ ತುಂಬ ಬೈದ್ರು. ಆಮೇಲೆ ಅವರೇ ಒಂದನ್ನ ತಮ್ಮ ಕೋಣೆಗೆ ತಗೊಂಡು ಹೋದ್ರು.”

ನನ್ನ ಕೈ ಗೋಡೆಯ ಮೇಲೆ ಆಡುತ್ತಲೇ ಇತ್ತು, ಏನು ಬಳಿಯುತ್ತಿದ್ದೇನೆಂದು ಗೊತ್ತಿಲ್ಲದೆ. “ಅಳಿಸಿಹೋದವಳು ಎಲ್ಲಿಂದ ವಾಪಸ್ ಬರ್ತಾಳೆ?”

“ತೆಗೆದ ತುಂಡುಗಳನ್ನ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಬೇರೆ ಕಟ್ಟಡಗಳಲ್ಲಿ ತೆಗೆದವರನ್ನೆಲ್ಲ ಎಸೆದಿದೀನಿ. ಸೈಕಲ್ಲಿನವರು, ಬೆಕ್ಕು, ಕೊಡೆ ಹಿಡಿದವರು, ಯಾರನ್ನೂ ಇಟ್ಕೊಂಡಿಲ್ಲ. ನಿಮ್ಮನ್ನ ಎಸೆಯೋಕೆ ಕೈ ಬರಲಿಲ್ಲ.” ಸ್ವಲ್ಪ ತಡೆದು ಹೇಳಿದ. “ಪ್ರತಿ ವಾರ ಹೊಸ ಚಿತ್ರಗಳು ಬಂದ ಕೂಡಲೇ, ಇವತ್ತು ಯಾವ ಹಲಗೆ ಮೇಲಿದೀರಿ ಅಂತ ಹುಡುಕ್ತಿದ್ದೆ. ನೋಡಿ ಮುಗಿದ ಮೇಲೇ ತೆಗೀತಿದ್ದೆ. ಒಂದು ವಾರ ನೀವು ಇರಲಿಲ್ಲ. ಆ ವಾರ ಕೆಲಸ ಮಾಡೋಕೇ ಆಗಲಿಲ್ಲ.”

“ಜ್ವರ ಬಂದಿತ್ತು,” ಎಂದೆ ನಾನು. ಆಮೇಲೆ ಸಿಟ್ಟು ನೆನಪಾಯಿತು. “ಹುಡುಕಿ ಹುಡುಕಿ ಅಳಿಸ್ತಿದ್ರಾ! ನಾಚಿಕೆ ಆಗಲ್ವಾ ನಿಮಗೆ?”

“ಆಗುತ್ತೆ.”

“ಎಲ್ಲದರಲ್ಲೂ ಬೆನ್ನೇ ತಾನೆ ಇರೋದು? ಬೆನ್ನನ್ನ ಏನು ನೋಡ್ತೀರಿ?”

“ನೀವು ಒಂದು ಸಲನೂ ತಿರುಗಲೇ ಇಲ್ಲ,” ಎಂದ ಅವನು. “ಆರು ತಿಂಗಳು ಕಾದೆ. ಆವತ್ತು ಆಫೀಸಿನಲ್ಲಿ ತಿರುಗಿ ನನ್ನ ಮೇಲೆ ಕಿರುಚಿದ್ರಲ್ಲ, ಅದೇ ಮೊದಲನೇ ಸಲ ನೋಡಿದ್ದು. ನನಗೆ ನೀವು ಬೇಕು. ಬೈದ್ರೂ ಸರಿ. ಅದನ್ನ ಹೇಳೋಕೆ ಬಂದೆ.”

ನನ್ನ ಮುಂದೆ ಹಸಿ ಗಾರೆಯ ಅಂಚಿತ್ತು. ಬಿಸಿಲು ಅದನ್ನು ಆಗಲೇ ಹೀರತೊಡಗಿತ್ತು. ಹನ್ನೆರಡು ವರ್ಷದಲ್ಲಿ ಯಾರು ಕರೆದರೂ ನಾನು ಇಂಥ ಅಂಚು ಬಿಟ್ಟು ಇಳಿದಿರಲಿಲ್ಲ. ಅಧಿಕಾರಿಗಳು ಕರೆದಾಗ ಇಳಿದಿಲ್ಲ, ಮಳೆ ಹನಿದಾಗ ಇಳಿದಿಲ್ಲ.

ನಾನು ಇಳಿದೆ.

ತೊಟ್ಟಿಯ ಬಳಿಯಿಂದ ಅಪ್ಪ ಗಾಬರಿಯಾಗಿ ಕೂಗಿದ. “ಮೇಸ್ತ್ರೀ! ಎಲ್ಲಿಗೆ? ಗಾರೆ ಗಟ್ಟಿಯಾಗ್ತಿದೆ!”

“ಆಗ್ಲಿ ಬಿಡಪ್ಪ!”

ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟು ನೇರ ಅವನ ಎದುರು ಹೋಗಿ ನಿಂತೆ. ಹತ್ತಿರದಲ್ಲಿ, ಅವನ ಕನ್ನಡಕದಲ್ಲಿ ನಾನು ಎರಡು ಕಡೆ ಕಾಣುವಷ್ಟು ಹತ್ತಿರದಲ್ಲಿ.

“ನೋಡು,” ಎಂದೆ. “ತಿರುಗಿದೀನಿ. ಸರಿಯಾಗಿ ನೋಡ್ಕೋ. ಒಂದು ಮಾತು ಹೇಳ್ತೀನಿ, ಏನೂ ತಿದ್ದಬೇಡ.”

ಅವನು ನೋಡಿದ. ಹಣೆ, ಹುಬ್ಬು, ಸಿಟ್ಟಿಗೆ ಕೆಂಪಾದ ಕೆನ್ನೆ, ಒಂದನ್ನೂ ಬಿಡದೆ ನೋಡಿದ. ಅಷ್ಟು ಹೊತ್ತು ಯಾರೂ ನನ್ನ ಮುಖ ನೋಡಿರಲಿಲ್ಲ.

“ಮೂಗಿನ ಮೇಲೆ ಸುಣ್ಣ ಇದೆ,” ಎಂದ.

“ತಿದ್ದಬೇಡ ಅಂದ್ನಲ್ಲ!”

“ಇಲ್ಲ. ಇರ್ಲಿ,” ಎಂದು ಕರಣೆ ಸಮೇತ ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಬಿಳಿ ಅಂಗಿಯ ತೋಳೆಲ್ಲ ಹಳದಿ ಗಾರೆಯಾಯಿತು. ಅಪ್ಪ ನಮ್ಮ ಕಡೆ ಬೆನ್ನು ತಿರುಗಿಸಿ, ಕಲಸಿಟ್ಟ ಗಾರೆಯನ್ನೇ ಮತ್ತೆ ಕಲಸತೊಡಗಿದ.

ಲೈಬ್ರರಿಯ ಹಿಂಗೋಡೆಯಲ್ಲಿ, ಎರಡನೇ ಕಿಟಕಿಯ ಪಕ್ಕ, ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಇದೆ. ಅದನ್ನು ನೋಡಲು ಸ್ಲೈಡರೂ ಬೇಡ, ಕನ್ನಡಕವೂ ಬೇಡ. ನನ್ನ ಗೋಡೆಗಳಲ್ಲಿ ಅಂಥದ್ದು ಅದೊಂದೇ. ಕೆರೆದು ಹೊಸದಾಗಿ ಬಳಿದುಬಿಡೋಣ ಎಂದು ಅಪ್ಪ ಎರಡು ಸಲ ಕೇಳಿದ. ಬೇಡ ಎಂದಿದ್ದೇನೆ.